ಮೂರು ಡ್ರಮ್ಮು, ಒಂದು ಸ್ಟ್ಯಾಂಡು: ಕಾಫಿ ಹುದುಗಿಸುವ ಸಣ್ಣ ಘಟಕವನ್ನು ಕಡಿಮೆ ಖರ್ಚಿನಲ್ಲಿ ಕಟ್ಟುವ ಬಗೆ

ಬೇರೆಯದೇ ರುಚಿ ಬರಲೆಂದು ಕಾಫಿ ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಹುದುಗಿಸಿ ಒಣಗಿಸುವ ಪದ್ಧತಿ ಈಗ ದೊಡ್ಡ ಎಸ್ಟೇಟುಗಳ ಸೊತ್ತಾಗಿ ಉಳಿದಿಲ್ಲ. ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ಮೂರು ನಾಲ್ಕು ಎಕರೆಯವರೂ ಇದರ ಬಗ್ಗೆ ವಿಚಾರಿಸುತ್ತಿದ್ದಾರೆ. ವಿಚಾರಿಸಿದವರ ಕೈಗೆ ಮೊದಲು ಸಿಗುವುದು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿನ ಕೊಟೇಷನ್. ಅದನ್ನು ಓದಿದ ಮೇಲೆ ಹೆಚ್ಚಿನವರು ಎಂದಿನಂತೆ ಹಣ್ಣನ್ನು ಕಣಕ್ಕೆ ಸುರಿದು ಸುಮ್ಮನಾಗುತ್ತಾರೆ.

ಟ್ಯಾಂಕ್ ಬೇಡ. ಗುಜರಿ ಅಂಗಡಿಯ ನೀಲಿ ಡ್ರಮ್ಮು, ಆ್ಯಂಗಲ್ ಕಬ್ಬಿಣದ ಒಂದು ಸ್ಟ್ಯಾಂಡು, ಹನಿ ನೀರಾವರಿಯ ನಾಲ್ಕು ಬಿಡಿಭಾಗ ಇದ್ದರೆ ಘಟಕ ಸಿದ್ಧ. ಆದರೆ ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡಬೇಕು. ಡ್ರಮ್ಮು ಮೂರು ದಿನಕ್ಕೆ ಖಾಲಿಯಾಗುತ್ತದೆ. ಒಣಗಿಸುವ ಮೇಜು ಮೂರು ವಾರದವರೆಗೂ ಖಾಲಿಯಾಗುವುದಿಲ್ಲ. ಹಣ ಕೈಯಲ್ಲಿದ್ದಾಗ ಎಲ್ಲರೂ ಡ್ರಮ್ಮಿನ ಸಂಖ್ಯೆ ಹೆಚ್ಚಿಸುತ್ತಾರೆ, ಹದವಾಗಿ ಹುದುಗಿದ ಹಣ್ಣನ್ನು ಹರಡಲು ಜಾಗವಿಲ್ಲದೆ ಗುಡ್ಡೆ ಹಾಕಿ ಕೆಡಿಸುತ್ತಾರೆ. ಆದ್ದರಿಂದ ಲೆಕ್ಕವನ್ನು ಮೇಜಿನಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು.

ಮೊದಲು ಲೆಕ್ಕ

ಕೊಯ್ದ ಕಾಫಿ ಹಣ್ಣು ಲೀಟರಿಗೆ ಸುಮಾರು 600ರಿಂದ 650 ಗ್ರಾಂ ತೂಗುತ್ತದೆ. 100 ಲೀಟರಿನ ಡ್ರಮ್ಮನ್ನು ಮುಕ್ಕಾಲು ಭಾಗ ತುಂಬಿದರೆ 45 ಕೆ.ಜಿ. ಆಸುಪಾಸು ಹಿಡಿಯುತ್ತದೆ. ಪೂರ್ತಿ ತುಂಬುವಂತಿಲ್ಲ, ಕಾರಣ ಮುಂದೆ ಬರುತ್ತದೆ. ಮೂರು ಡ್ರಮ್ಮಿಗೆ 135 ಕೆ.ಜಿ. ಕೆಂಪು ಹಣ್ಣು. ಇದನ್ನು ಮೂರೂವರೆ ಸೆಂ.ಮೀ. ದಪ್ಪಕ್ಕೆ ಹರಡಲು ಸುಮಾರು ಆರು ಚದರ ಮೀಟರ್ ಜಾಗ ಬೇಕು. ಅಂದರೆ 1.2 ಮೀಟರ್ ಅಗಲ, 5 ಮೀಟರ್ ಉದ್ದದ ಒಂದು ಮೇಜು ಪೂರ್ತಿಯಾಗಿ ಈ ಒಂದು ತುಂಬುವಿಕೆಗೇ ಮೀಸಲು.

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ಸುತ್ತುಸುತ್ತಾಗಿ ಬರುತ್ತದೆ. ಎರಡು ಸುತ್ತಿನ ನಡುವೆ ಎರಡು ವಾರವಷ್ಟೇ ಅಂತರವಿದ್ದರೆ ಮೊದಲ ಮೇಜು ಇನ್ನೂ ತುಂಬಿರುತ್ತದೆ, ಎರಡನೆಯದು ಬೇಕೇ ಬೇಕು. ಮೂರು ಡ್ರಮ್ಮಿಗೆ ಎರಡು ಮೇಜು: ಇದು ಸಣ್ಣ ತೋಟಕ್ಕೆ ಹೊಂದುವ ಅಳತೆ. ರೊಬಸ್ಟಾ ಹಣ್ಣಾಗುವುದು ಜನವರಿಯ ನಂತರವಾದ್ದರಿಂದ ಎರಡೂ ಇರುವ ತೋಟದವರು ಅವೇ ಮೇಜುಗಳನ್ನು ಮಾರ್ಚ್‌ವರೆಗೆ ಬಳಸಬಹುದು.

ಇಷ್ಟಾದ ಮೇಲೆ ಕೈಗೆ ಬರುವುದೆಷ್ಟು ಎಂಬುದೂ ತಿಳಿದಿರಲಿ. ಅರೇಬಿಕಾದಲ್ಲಿ ಆರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಸಂಸ್ಕರಿಸಿದ ಬೇಳೆ ಎಂದು ಹಿಡಿದರೆ 135 ಕೆ.ಜಿ.ಗೆ 22 ಕೆ.ಜಿ. ಚಿಲ್ಲರೆ. ಅರ್ಧ ಮೂಟೆಯೂ ಆಗದ ಈ ಕಾಫಿಗಾಗಿ ಲಕ್ಷ ರೂಪಾಯಿಯ ಟ್ಯಾಂಕ್ ಯಾಕೆ ಬೇಡ ಎಂಬುದಕ್ಕೆ ಬೇರೆ ವಾದ ಬೇಕಿಲ್ಲ.

ದರೆಯ ಪಕ್ಕದ ಜಾಗ

ಸ್ಟ್ಯಾಂಡಿಗೆ ಸಪಾಟು ಅಂಗಳ ಹುಡುಕಬೇಡಿ, ದರೆಯನ್ನು, ಅಂದರೆ ಕಡಿದಾದ ಮಣ್ಣಿನ ಅಂಚನ್ನು, ಹುಡುಕಿ. ಮಲೆನಾಡಿನ ಯಾವ ಮನೆಯ ಹಿಂದೆಯೂ ಮೂರರಿಂದ ಐದು ಅಡಿ ಎತ್ತರದ ಒಂದು ದರೆ ಇದ್ದೇ ಇರುತ್ತದೆ. ಸ್ಟ್ಯಾಂಡನ್ನು ಅದರ ಬುಡದಲ್ಲಿ ನಿಲ್ಲಿಸಿದರೆ ಹಣ್ಣನ್ನು ಮೇಲಿನಿಂದ ಸುರಿಯಬಹುದು, ರಸವನ್ನು ಕೆಳಗಿನಿಂದ ಇಳಿಸಬಹುದು. ಕುಕ್ಕೆಯನ್ನು ಎದೆಯೆತ್ತರಕ್ಕೆ ಎತ್ತುವ ಕೆಲಸ ತಪ್ಪುತ್ತದೆ. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಇರುವವರು ಅದನ್ನು ದರೆಯ ಮೇಲೆ ಕಾಂಕ್ರೀಟ್ ಕಟ್ಟೆಯಲ್ಲಿ ಕೂರಿಸಿ, ತಗಡಿನ ಅಥವಾ ಅರ್ಧ ಸೀಳಿದ ಪಿವಿಸಿ ಪೈಪಿನ ದೋಣಿಯಿಂದ ಬೇಳೆಯನ್ನು ನೇರವಾಗಿ ಡ್ರಮ್ಮಿಗೆ ಇಳಿಸಬಹುದು. ಹೊರದೇಶದ ಚಿತ್ರಗಳಲ್ಲಿ ಕಾಣುವ ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡುಗಳು ಸಪಾಟು ನೆಲದವರ ಪರದಾಟ. ನಮಗೆ ಮೇಲಿನ ಅಂತಸ್ತನ್ನು ಭೂಮಿಯೇ ಕೊಟ್ಟಿದೆ, ಅದಕ್ಕೆ ಕಬ್ಬಿಣದ ಹಣ ತೆರಬೇಕಿಲ್ಲ.

ದರೆಯ ಮಣ್ಣು ಸಡಿಲವಾಗಿದ್ದರೆ ಮೊದಲು ಕಾಡುಕಲ್ಲಿನ ಕಟ್ಟಣೆ ಮಾಡಿಸಿ. ಕೊಯ್ಲು ಬೇಸಿಗೆಯ ಕಡೆಗಿನ ಕೆಲಸವೆಂದು ಉದಾಸೀನ ಬೇಡ. 2021ರ ನವೆಂಬರಿನ ಅಕಾಲಿಕ ಮಳೆ ಎಷ್ಟು ತೋಟಗಳ ಕಣ ತೊಳೆದುಕೊಂಡು ಹೋಯಿತೆಂದು ನಿಮಗೆ ಗೊತ್ತು. ಇನ್ನು ನೆರಳು ಮುಖ್ಯ. ಮಧ್ಯಾಹ್ನದ ಬಿಸಿಲು ಡ್ರಮ್ಮಿಗೆ ನೇರವಾಗಿ ಬೀಳಬಾರದು. ಮುಚ್ಚಿದ ಕೋಣೆಯೂ ಬೇಡ. ಹುದುಗುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕಿಟಕಿಯಿಲ್ಲದ ಕೋಣೆಯ ನೆಲಮಟ್ಟದಲ್ಲಿ ಅದು ನಿಲ್ಲುತ್ತದೆ. ಮೇಲೆ ಸೂರು, ನಾಲ್ಕು ಕಡೆ ತೆರಪು: ಅಷ್ಟೇ ಸಾಕು.

ಡ್ರಮ್ಮು ಆರಿಸುವುದು

ಇನ್ನೂರು ಲೀಟರಿನ ಡ್ರಮ್ಮು ಲೀಟರ್ ಲೆಕ್ಕದಲ್ಲಿ ಅಗ್ಗ. ಆದರೂ ಬೇಡವೆನ್ನುತ್ತೇನೆ. ಅದು ತುಂಬಿದಾಗ ನೂರು ಕೆ.ಜಿ.ಗೆ ಹತ್ತಿರವಾಗುತ್ತದೆ, ಇಬ್ಬರಿಂದ ಅಲುಗಾಡದು, ಹಣ್ಣನ್ನು ಬಗ್ಗಿ ತೋಡಿ ತೆಗೆಯಬೇಕು. ನಡುಭಾಗದ ಬಿಸಿ ಹೊರಗೆ ಬರಲು ಹೊತ್ತು ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕೆಟ್ಟರೆ ಆ ದಿನದ ಕೊಯ್ಲೆಲ್ಲ ಕೆಟ್ಟಂತೆ. ನೂರು ಲೀಟರಿನದಾದರೆ ಇಬ್ಬರು ಎತ್ತಿ ಮೇಜಿಗೆ ಬೋರಲು ಹಾಕಬಹುದು.

ಬಾಯಿ ಪೂರ್ತಿ ತೆರೆಯುವ, ಮುಚ್ಚಳಕ್ಕೆ ರಬ್ಬರ್ ವಾಷರ್ ಮತ್ತು ಕಬ್ಬಿಣದ ಕ್ಲಾಂಪ್ ಉಂಗುರ ಇರುವ ಡ್ರಮ್ಮನ್ನೇ ಕೇಳಿ. ಹಾಸನದ ಗುಜರಿ ಅಂಗಡಿಗಳಲ್ಲೂ ಚಿಕ್ಕಮಗಳೂರಿನ ಹಳೇ ಪಾತ್ರೆ ವ್ಯಾಪಾರಿಗಳಲ್ಲೂ ಇವು ಸಿಗುತ್ತವೆ. ಕೇಳಬೇಕಾದ ಪ್ರಶ್ನೆ ಬೆಲೆಯಲ್ಲ, ಒಳಗೆ ಮೊದಲು ಏನಿತ್ತು ಎಂಬುದು. ಗ್ಲೂಕೋಸ್ ಪಾಕ, ಮಾವಿನ ತಿರುಳು, ಹಣ್ಣಿನ ರಸ ಬಂದ ಡ್ರಮ್ಮಾದರೆ ತೊಂದರೆಯಿಲ್ಲ. ಕೀಟನಾಶಕ, ಫಿನಾಯಿಲ್, ಆ್ಯಸಿಡ್, ಬಣ್ಣ ಇದ್ದದ್ದಾದರೆ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ. ಲೇಬಲ್ ಕಿತ್ತಿದ್ದರೆ, ಅಂಗಡಿಯವನು ತಡವರಿಸಿದರೆ, ಬಿಟ್ಟುಬಿಡುವುದೇ ಕ್ಷೇಮ.

ಮನೆಗೆ ತಂದ ಮೇಲೆ ಸೋಪಿನಿಂದ ತೊಳೆದು, ಬಿಸಿನೀರು ಹಾಕಿ, ಮುಚ್ಚಳ ಬಿಗಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ತೆರೆದ ಕೂಡಲೇ ಮೂಸಿ ನೋಡಿ. ಉಪ್ಪಿನಕಾಯಿ ವಾಸನೆ ಬಂದರೆ ಆ ಡ್ರಮ್ಮು ನೀರು ತುಂಬಿಡಲು ಮಾತ್ರ ಯೋಗ್ಯ. ಕಾಫಿ ಬೇಳೆಯಷ್ಟು ಬೇಗ ಬೇರೆ ವಾಸನೆ ಹೀರುವ ಪದಾರ್ಥ ಅಡುಗೆಮನೆಯಲ್ಲೂ ಕಡಿಮೆ.

ಸ್ಟ್ಯಾಂಡ್ ಕಟ್ಟುವುದು

ಕಬ್ಬಿಣ ಕೊಳ್ಳುವ ಮೊದಲು ನಿಮ್ಮ ಡ್ರಮ್ಮಿನ ತಳ ಅಳೆಯಿರಿ. ಇಲ್ಲಿನ ಅಳತೆ ಸುಮಾರು 50 ಸೆಂ.ಮೀ. ವ್ಯಾಸದ ಡ್ರಮ್ಮಿಗೆ: ಸ್ಟ್ಯಾಂಡಿನ ಉದ್ದ 180 ಸೆಂ.ಮೀ., ಅಗಲ 60, ಎತ್ತರ 50. ಎತ್ತರ ಅಷ್ಟೇ ಯಾಕೆಂದರೆ ನಲ್ಲಿಯ ಕೆಳಗೆ ಒಂದು ಬಕೆಟ್ ಸಲೀಸಾಗಿ ನಿಲ್ಲಬೇಕು. ಅದಕ್ಕಿಂತ ಎತ್ತರಿಸಿದರೆ ಡ್ರಮ್ಮಿನ ಬಾಯಿ ಕೈಗೆಟುಕದು.

ಭಾರದ ಲೆಕ್ಕವನ್ನು ಹಣ್ಣಿನಿಂದ ಹಾಕಬೇಡಿ, ನೀರಿನಿಂದ ಹಾಕಿ. ತೊಳೆಯುವಾಗ ಡ್ರಮ್ಮಿಗೆ ನೀರು ತುಂಬಿಯೇ ತುಂಬುತ್ತೀರಿ. ಮೂರಕ್ಕೆ 300 ಕೆ.ಜಿ., ಮೇಲೆ ಯಾರಾದರೂ ಹತ್ತಿ ನಿಲ್ಲುತ್ತಾರೆ. 400 ಕೆ.ಜಿ. ತಡೆಯುವಂತೆ ಕಟ್ಟಿದರೆ ನಿಶ್ಚಿಂತೆ. ಇದಕ್ಕೆ 40×40×5 ಮಿ.ಮೀ. ಆ್ಯಂಗಲ್ ಧಾರಾಳ. ಇದು ಮೀಟರಿಗೆ 3 ಕೆ.ಜಿ. ತೂಗುತ್ತದೆ, 6 ಮೀಟರ್ ಉದ್ದದ ಕಂಬಿಗಳಾಗಿ ಸಿಗುತ್ತದೆ. ಮೂರು ಕಂಬಿ ಸಾಕು: 54 ಕೆ.ಜಿ. ಅಂದಿನ ಕೆ.ಜಿ. ದರದಿಂದ ಗುಣಿಸಿದರೆ ನಿಮ್ಮ ಖರ್ಚು.

ತುಂಡು ಮಾಡುವ ಕ್ರಮ ಹೀಗಿರಲಿ. ಮೊದಲ ಕಂಬಿಯಲ್ಲಿ 180 ಸೆಂ.ಮೀ.ನ ಮೂರು, 50ರ ಒಂದು. ಎರಡನೆಯದರಲ್ಲಿ 60ರ ಒಂಬತ್ತು, 50ರ ಒಂದು. ಮೂರನೆಯದರಲ್ಲಿ 60ರ ಎರಡು, 50ರ ನಾಲ್ಕು. ಮಿಕ್ಕ ಎರಡೂವರೆ ಮೀಟರಿಗೂ ಹೆಚ್ಚಿನ ತುಂಡು ಓರೆ ಆಸರೆಗಳಿಗೆ. ಈ ಚೀಟಿಯನ್ನು ವೆಲ್ಡಿಂಗ್ ಅಂಗಡಿಯವನ ಕೈಗೆ ಕೊಟ್ಟುಬಿಡಿ. ಕೊಡದಿದ್ದರೆ ಅವನು ಅಭ್ಯಾಸಬಲದಿಂದ ನಾಲ್ಕನೆಯ ಕಂಬಿ ತರಿಸುತ್ತಾನೆ.

ಜೋಡಣೆ ಸರಳ. 180ರ ಎರಡು, 60ರ ಎರಡು ಸೇರಿ ಮೇಲಿನ ಚೌಕಟ್ಟು. ಅದರೊಳಗೆ 60ರ ಆರು ಅಡ್ಡಪಟ್ಟಿ, ಪ್ರತಿ ಡ್ರಮ್ಮಿನ ಅಡಿಗೆ ಎರಡರಂತೆ. ಕಾಲು ಆರು: ಮೂಲೆಗೆ ನಾಲ್ಕು, ಉದ್ದದ ನಡುವೆ ಎರಡು. ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಹಿಂಬದಿಗೆ 180ರ ಒಂದು, ಎದುರುಬದುರು ಕಾಲುಗಳ ನಡುವೆ 60ರ ಮೂರು. ಮುಂಬದಿ ತೆರೆದೇ ಇರಬೇಕು, ಬಕೆಟ್ ಅಲ್ಲಿಂದ ಬರುತ್ತದೆ. ಓರೆ ಆಸರೆಗಳನ್ನು ಹಿಂಬದಿಗೂ ಎರಡು ಪಕ್ಕಕ್ಕೂ ಹಾಕಿಸಿ. ಆಸರೆಯಿಲ್ಲದ ಸ್ಟ್ಯಾಂಡ್ ಭಾರಕ್ಕೆ ಮುರಿಯುವುದಿಲ್ಲ, ಪಕ್ಕಕ್ಕೆ ವಾಲಿ ಬೀಳುತ್ತದೆ.

ಮುಂಗಾಲುಗಳನ್ನು ಎರಡು ಸೆಂ.ಮೀ. ಗಿಡ್ಡ ಮಾಡಿಸುವುದನ್ನು ಮರೆಯಬೇಡಿ. ಆ ಚಿಕ್ಕ ಇಳಿಜಾರಿನಿಂದ ತಳದ ರಸವೆಲ್ಲ ನಲ್ಲಿಯ ಕಡೆಗೆ ಬರುತ್ತದೆ; ಇಲ್ಲದಿದ್ದರೆ ಹಿಂಬದಿಯಲ್ಲಿ ನಿಂತು ಬೇರೆಯದೇ ವಾಸನೆ ಹುಟ್ಟಿಸುತ್ತದೆ. ಡ್ರಮ್ಮು ಮುಂದಕ್ಕೆ ಜಾರದಂತೆ ಮುಂಚೌಕಟ್ಟಿನ ಆ್ಯಂಗಲಿನ ಒಂದು ಅಂಚು ಮೇಲ್ಮುಖವಾಗಿರಲಿ. ಕಾಲಿನಡಿಗೆ ನಾಲ್ಕಿಂಚಿನ ಚದರ ತಗಡು, ಅದರಡಿಗೆ ಕಲ್ಲು. ಬಳಿಕ ರೆಡ್ ಆಕ್ಸೈಡ್ ಒಂದು ಕೋಟು, ಎನಾಮೆಲ್ ಎರಡು ಕೋಟು. ಹುಳಿರಸ ಬೆತ್ತಲೆ ಕಬ್ಬಿಣವನ್ನು ಒಂದೇ ಕೊಯ್ಲಿನಲ್ಲಿ ತಿನ್ನಲು ಶುರುಮಾಡುತ್ತದೆ.

ವೆಲ್ಡಿಂಗ್ ಖರ್ಚೂ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ, ಮೊದಲ ವರ್ಷಕ್ಕೆ ನಾನು ಶಿಫಾರಸು ಮಾಡುವುದೂ ಅದನ್ನೇ. ಗಟ್ಟಿ ಸಿಮೆಂಟ್ ಬ್ಲಾಕುಗಳನ್ನು ಎರಡೆರಡು ಪೇರಿಸಿ ಮೂರು ಕಡೆ ಕಟ್ಟೆ ಮಾಡಿ, ಮೇಲೆ ಎರಡಿಂಚು ದಪ್ಪದ ಸಿಲ್ವರ್ ಓಕ್ ಹಲಗೆ ಹಾಸಿ. ತೋಟದಲ್ಲಿ ಬಿದ್ದ ಮರ ಒಂದಿದ್ದರೆ ಸಾಮಿಲ್ಲಿನ ಕೂಲಿಯಷ್ಟೇ ಖರ್ಚು. ಸಿಲ್ವರ್ ಓಕ್ ಒದ್ದೆಯಲ್ಲಿ ಬಾಳಿಕೆ ಬರುವ ಮರವಲ್ಲ, ನಿಜ. ಆದರೆ ಒಂದು ಕೊಯ್ಲಿನಲ್ಲಿ ಈ ಕೆಲಸ ನಿಮಗೆ ಒಗ್ಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಒಗ್ಗದಿದ್ದರೆ ಹಲಗೆ ಕೊಟ್ಟಿಗೆಗೆ, ಬ್ಲಾಕು ಕಟ್ಟಣೆಗೆ.

ನಲ್ಲಿ ಮತ್ತು ಏರ್‌ಲಾಕ್

ಡ್ರಮ್ಮಿನ ತಳದಿಂದ ಮೂರು ಸೆಂ.ಮೀ. ಮೇಲೆ ಮುಕ್ಕಾಲು ಇಂಚಿನ ಟ್ಯಾಂಕ್ ನಿಪ್ಪಲ್ ಕೂರುವಷ್ಟು ರಂಧ್ರ. ಹೋಲ್ ಸಾ ಬ್ಲೇಡಿನಿಂದ ಕೊರೆದರೆ ದುಂಡಗೆ ಬರುತ್ತದೆ. ಕಾಯಿಸಿದ ಕಬ್ಬಿಣದಿಂದ ಚುಚ್ಚಿದ ರಂಧ್ರ ಯಾವ ವಾಷರಿಗೂ ಬಗ್ಗದೆ ಸೋರುತ್ತದೆ. ಒಳಗೂ ಹೊರಗೂ ರಬ್ಬರ್ ವಾಷರ್, ಹೊರಗೆ ಪಿವಿಸಿ ಬಾಲ್ ವಾಲ್ವ್. ಹಿತ್ತಾಳೆಯದು ಬೇಡ, ಜಿಐ (ಸತು ಲೇಪಿಸಿದ ಕಬ್ಬಿಣ) ಅಂತೂ ಬೇಡವೇ ಬೇಡ. ಹುಳಿರಸಕ್ಕೆ ಸತು ಕರಗುತ್ತದೆ. ನಲ್ಲಿಯ ಒಳಬಾಯಿಗೆ ಸ್ಟೀಲಿನ ಒಂದು ಹಳೇ ಜರಡಿ ತಟ್ಟೆಯನ್ನೋ ನೈಲಾನ್ ಬಲೆಯನ್ನೋ ಅಡ್ಡ ಇಡಿ. ಈ ನಲ್ಲಿ ಹಣ್ಣು ಇಳಿಸಲು ಅಲ್ಲ. ಹಣ್ಣು ಯಾವ ನಲ್ಲಿಯಲ್ಲೂ ಇಳಿಯುವುದಿಲ್ಲ. ರಸವನ್ನು ದಿನಕ್ಕೆರಡು ಸಲ ಅರ್ಧ ಲೋಟ ಇಳಿಸಿ ಅಳೆಯಲು, ಕೊನೆಗೆ ತೊಳೆದ ನೀರು ಬಿಡಲು.

ಏರ್‌ಲಾಕ್ ಬಿಯರ್ ಮತ್ತು ವೈನ್ ಮಾಡುವವರಿಂದ ಕಾಫಿಗೆ ಬಂದ ಉಪಾಯ. ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಮನೆಯಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಾಗಿಲು ತಟ್ಟುತ್ತದೆ. ಕಾಫಿ ಹಣ್ಣು ಹುದುಗಿಸಲು ಆ ತಾಪತ್ರಯವಿಲ್ಲ. ಏರ್‌ಲಾಕಿನ ಬಿಡಿಭಾಗಗಳು ನಿಮ್ಮ ಅಡಿಕೆ ತೋಟದಲ್ಲೇ ಬಿದ್ದಿರಬಹುದು: ಹನಿ ನೀರಾವರಿಯ 16 ಮಿ.ಮೀ. ಗ್ರೋಮೆಟ್ (ರಂಧ್ರಕ್ಕೆ ಕೂರಿಸುವ ರಬ್ಬರ್ ಬಳೆ), ಟೇಕ್‌ಆಫ್ (ಅದರಲ್ಲಿ ಒತ್ತಿ ಪೈಪ್ ಜೋಡಿಸುವ ತುಂಡು), ಒಂದೂವರೆ ಮೀಟರ್ ಲ್ಯಾಟರಲ್ ಪೈಪ್. ಮುಚ್ಚಳದಲ್ಲಿ ಗ್ರೋಮೆಟ್ಟಿನ ಅಳತೆಗೆ ರಂಧ್ರ ಕೊರೆದು, ಗ್ರೋಮೆಟ್ ಕೂರಿಸಿ, ಟೇಕ್‌ಆಫ್ ಒತ್ತಿ, ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಒಂದು ಲೀಟರ್ ಬಾಟಲಿಯೊಳಗೆ, ಎರಡಿಂಚು ನೀರಿನಲ್ಲಿ ಮುಳುಗಿರಲಿ. ಬಾಟಲಿಯ ಬಾಯಿ ತೆರೆದಿರಬೇಕು.

ಬಾಟಲಿಯನ್ನು ಮುಚ್ಚಳಕ್ಕಿಂತ ಕೆಳಗೆ ಕಟ್ಟಿ, ನೀರು ಎರಡಿಂಚಿಗಿಂತ ಹೆಚ್ಚು ಬೇಡ. ರಾತ್ರಿಯ ಚಳಿಗೆ ಡ್ರಮ್ಮಿನೊಳಗಿನ ಅನಿಲ ಕುಗ್ಗಿ ನೀರನ್ನು ಮೇಲಕ್ಕೆ ಎಳೆಯುತ್ತದೆ. ತುಂಬಿದ ಬಾಟಲಿ ಎತ್ತರದಲ್ಲಿದ್ದರೆ ಆ ನೀರು ಹಣ್ಣಿನ ಮೇಲೆ ಸುರಿಯುತ್ತದೆ. ಸಣ್ಣ ಪೈಪ್ ಹಾಕಿ ಉಳಿತಾಯ ಮಾಡಲು ಹೋಗಬೇಡಿ. ನೊರೆ ಉಕ್ಕಿ ಲೋಳೆ ಪೈಪಿಗೆ ಸಿಕ್ಕಿಕೊಂಡರೆ ಒತ್ತಡ ಏರುತ್ತಾ ಹೋಗುತ್ತದೆ, ಕ್ಲಾಂಪ್ ಬಿಚ್ಚಿದಾಗ ಮುಚ್ಚಳ ಮುಖಕ್ಕೆ ಹಾರುತ್ತದೆ. ಡ್ರಮ್ಮಿನ ಕಾಲು ಭಾಗ ಖಾಲಿ ಬಿಡಲು ಹೇಳಿದ್ದು ಇದೇ ನೊರೆಗಾಗಿ.

ಖಾಲಿ ಡ್ರಮ್ಮಿಗೆ ಮುಚ್ಚಳ ಬಿಗಿದು ಪೈಪಿನಿಂದ ಊದಿ, ಅಂಚಿಗೆಲ್ಲ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದ ಕಡೆ ವಾಷರ್ ಬದಲಿಸಿ. ಈ ಐದು ನಿಮಿಷದ ಪರೀಕ್ಷೆ ಹಣ್ಣು ಬರುವ ಮೊದಲೇ ಆಗಿರಬೇಕು.

ಇನ್ನು ಅಳೆಯುವ ಸಾಮಾನು. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಒಂದು, ರಸದ ಹುಳಿ ಅಳೆಯುವ ಪೆನ್ನಿನಂಥ ಪಿಎಚ್ ಮೀಟರ್ ಒಂದು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ಅದನ್ನು ಸರಿಹೊಂದಿಸಲು 4 ಮತ್ತು 7ರ ಬಫರ್ ಪುಡಿ. ಬಫರಿನಲ್ಲಿ ಹೊಂದಿಸದ ಪಿಎಚ್ ಮೀಟರ್ ಹೇಳುವುದೆಲ್ಲ ಸುಳ್ಳು. ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಮುಂದಿನ ವರ್ಷಕ್ಕಿರಲಿ. ಅಲ್ಲಿಯವರೆಗೆ ಕಣ್ಣು ಮತ್ತು ನಾಲಿಗೆ ಸಾಕು.

ಮೇಜು

ಲೆಕ್ಕ ಮೇಜಿನಿಂದ ಎಂದೆನಲ್ಲ, ಹೆಚ್ಚಿನ ಹಣ ಹೋಗಬೇಕಾದದ್ದೂ ಇಲ್ಲಿಗೇ. ಆದರೆ ಇದಕ್ಕೆ ಬೇಕಾದ ಸಾಮಾನಿನಲ್ಲಿ ಬಹುಪಾಲು ತೋಟದಿಂದಲೇ ಹುಟ್ಟುತ್ತದೆ. ಸಿಲ್ವರ್ ಓಕ್ ಕೊಂಬೆಯ ಅಥವಾ ಬಲಿತ ಬಿದಿರಿನ ಗೂಟಗಳನ್ನು ಒಂದೂವರೆ ಮೀಟರಿಗೊಂದು ಜೋಡಿಯಂತೆ ನೆಟ್ಟು, ಸೊಂಟದೆತ್ತರದಲ್ಲಿ ಅಡ್ಡ ಕಟ್ಟಿ, ಮೇಲೆ ಅಡಿಕೆ ದಬ್ಬೆಗಳನ್ನು ನಾಲ್ಕು ಬೆರಳು ಬಿಟ್ಟು ಹಾಸಿ. ದಬ್ಬೆಯ ಸಿಬಿರು ಹೆರೆದು ತೆಗೆಯಿರಿ, ಇಲ್ಲವೆಂದರೆ ಬಲೆ ಹರಿಯುತ್ತದೆ. ಅದರ ಮೇಲೆ ದಪ್ಪ ನೈಲಾನ್ ಬಲೆ, ಹರಿದರೆ ಬದಲಿಸುವಂತೆ ತಂತಿಯಿಂದ ಕಟ್ಟಿದ್ದು. ಅಗಲ 1.2 ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು.

ಮೇಜು ಬಿಸಿಲಿಗೂ ಗಾಳಿಗೂ ತೆರೆದ ಜಾಗದಲ್ಲಿರಲಿ, ಉದ್ದ ಪೂರ್ವ ಪಶ್ಚಿಮವಾಗಿ ಬಂದರೆ ಒಳ್ಳೆಯದು. ಮೇಲೆ ಬಿದಿರಿನ ಬಿಲ್ಲುಗಳನ್ನು ಕಟ್ಟಿ ಎರಡು ಹೊದಿಕೆ ಇಟ್ಟುಕೊಳ್ಳಿ: ಹಗಲಿಗೆ ಶೇಡ್ ನೆಟ್, ರಾತ್ರಿಗೆ ಟಾರ್ಪಾಲಿನ್. ಇಬ್ಬನಿ ಬಿದ್ದ ಹಣ್ಣು ಮರುದಿನ ಒಣಗಿದರೂ ಬೂಷ್ಟಿನ ವಾಸನೆ ಉಳಿಸಿಕೊಳ್ಳುತ್ತದೆ. ಟಾರ್ಪಾಲಿನ್ ಕಾಫಿಗೆ ತಾಗಬಾರದು, ಅದಕ್ಕೇ ಬಿಲ್ಲು.

ಮೊದಲ ಸಲ ತುಂಬುವಾಗ

ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಕೊಯ್ಸಿ. ಹೇಳುವುದು ಸುಲಭ, ಕೊಯ್ಯುವವರಿಗೆ ಕೆ.ಜಿ. ಲೆಕ್ಕದ ಕೂಲಿ ಇದ್ದಾಗ ಅವರು ಕೊಂಬೆಯನ್ನೇ ಸವರುತ್ತಾರೆ. ಅದು ಅವರ ತಪ್ಪಲ್ಲ. ಈ ಮೂರು ಡ್ರಮ್ಮಿನ ಮಟ್ಟಿಗೆ ದಿನಗೂಲಿ ಕೊಟ್ಟು, ಒಂದೇ ತಳಿಯ ಸಾಲು ತೋರಿಸಿ. ಎಸ್.795 ಮತ್ತು ಚಂದ್ರಗಿರಿ ಒಂದೇ ದಿನ ಒಂದೇ ಹದಕ್ಕೆ ಬರುವುದಿಲ್ಲ, ಒಂದೇ ಡ್ರಮ್ಮಿಗೆ ಹಾಕಬೇಡಿ.

ಕೊಯ್ದ ದಿನವೇ ದೊಡ್ಡ ಬಾನಿಯ ನೀರಿಗೆ ಸುರಿಯಿರಿ. ತೇಲುವ ಜೊಳ್ಳು, ಕಾಯಿಕೊರಕ ತಿಂದದ್ದು, ಮರದಲ್ಲೇ ಒಣಗಿದ್ದು ಎಲ್ಲವನ್ನೂ ಸೋಸಿ ಬೇರೆಯಾಗಿ ಒಣಗಿಸಿ. ಮುಳುಗಿದ್ದನ್ನು ಮಂಕರಿಯಲ್ಲಿ ಬಸಿದು, ಹಸಿರು ಮತ್ತು ಅರೆಗೆಂಪನ್ನು ಕೈಯಿಂದ ಆರಿಸಿ. ಅರ್ಧ ದಿನದ ಕೆಲಸ ಇದು. ಇಡೀ ಘಟಕದಲ್ಲಿ ರುಚಿಯನ್ನು ನಿರ್ಧರಿಸುವ ಕೆಲಸವೂ ಇದೇ. ಹಸಿರು ಕಾಯಿ ಸೇರಿದರೆ ಎಷ್ಟು ಗಂಟೆ ಹುದುಗಿಸಿದರೂ ಒಗರು ಹೋಗುವುದಿಲ್ಲ.

ಈಗ ಎರಡು ದಾರಿ. ಪಲ್ಪರ್ ಇಲ್ಲದವರು ಇಡೀ ಹಣ್ಣನ್ನೇ ಡ್ರಮ್ಮಿಗೆ ಹಾಕಿ ಮುಚ್ಚಬಹುದು. ಇದು ಅಗ್ಗ, ಆದರೆ ಒಣಗಲು ಮೂರು ವಾರ. ಪಲ್ಪರ್ ಇದ್ದವರು ಸಿಪ್ಪೆ ತೆಗೆದು ಲೋಳೆಯೊಡನೆ ಬೇಳೆಯನ್ನು ಹಾಕಬಹುದು. ತೂಕ ಅರ್ಧದಷ್ಟಕ್ಕೆ ಇಳಿಯುತ್ತದೆ, ಮೇಜಿನಲ್ಲಿ ಹತ್ತು ಹನ್ನೆರಡು ದಿನಕ್ಕೆ ಮುಗಿಯುತ್ತದೆ. ಜಾಗ ಕಡಿಮೆ ಇದ್ದವರಿಗೆ ಪಲ್ಪರ್ ದಾರಿಯೇ ಮೇಲು. ಯಾವುದಾದರೂ ಒಂದನ್ನು ಹಿಡಿಯಿರಿ. ಮೊದಲ ವರ್ಷವೇ ಒಂದು ಡ್ರಮ್ಮಿಗೆ ಯೀಸ್ಟ್, ಇನ್ನೊಂದಕ್ಕೆ ಅನಾನಸ್, ಮತ್ತೊಂದಕ್ಕೆ ದಾಲ್ಚಿನ್ನಿ ಹಾಕುವವರನ್ನು ಕಂಡಿದ್ದೇನೆ. ರುಚಿ ಎಲ್ಲಿಂದ ಬಂತು, ಕೆಡುಕು ಎಲ್ಲಿಂದ ಬಂತು ಎಂಬುದು ಕೊನೆಗೂ ಅವರಿಗೆ ತಿಳಿಯುವುದಿಲ್ಲ. ಹಣ್ಣಿನ ಮೈಮೇಲೆ ಇರುವ ಯೀಸ್ಟೇ ಸಾಕು.

ಮುಚ್ಚಳ ಬಿಗಿದ ಗಂಟೆಯನ್ನು ಸೀಮೆಸುಣ್ಣದಲ್ಲಿ ಡ್ರಮ್ಮಿನ ಮೇಲೇ ಬರೆಯಿರಿ. ಬೆಳಿಗ್ಗೆ, ಸಂಜೆ ರಸ ಇಳಿಸಿ ಪಿಎಚ್, ಉಷ್ಣತೆ, ವಾಸನೆ ಮೂರನ್ನೂ ನೋಟ್‌ಬುಕ್ಕಿಗೆ ಹಾಕಿ. ರಸದ ಪಿಎಚ್ ಐದರ ಮೇಲೆ ಆರಂಭವಾಗಿ ಇಳಿಯುತ್ತಾ ಬರುತ್ತದೆ. ಉಷ್ಣತೆ 18ರಿಂದ 25 ಡಿಗ್ರಿಯೊಳಗೆ ಇದ್ದರೆ ನಿರಾಳ. ಮಧ್ಯಾಹ್ನ ಏರಿದರೆ ಒದ್ದೆ ಗೋಣಿಚೀಲ ಸುತ್ತಿ, ಡಿಸೆಂಬರಿನ ಚಳಿರಾತ್ರಿ ತೀರಾ ಇಳಿದರೆ ಒಣ ಗೋಣಿ ಹೊದಿಸಿ. 30 ದಾಟಿ ಅಲ್ಲೇ ನಿಂತರೆ ಇನ್ನು ಕಾಯದೆ ತೆರೆಯಿರಿ.

ಯಾವಾಗ ನಿಲ್ಲಿಸಬೇಕು? ತೆರೆದ ತೊಟ್ಟಿಯ ಎಂದಿನ ಪದ್ಧತಿಯಲ್ಲಿ ಅರೇಬಿಕಾ ಬೇಳೆಯ ಲೋಳೆ ಬಿಡಲು 24ರಿಂದ 36 ಗಂಟೆ, ದಪ್ಪ ಲೋಳೆಯ ರೊಬಸ್ಟಾಗೆ 72 ಗಂಟೆಯವರೆಗೂ ಹಿಡಿಯುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿ ನಿಧಾನ. 48ರಿಂದ 72 ಗಂಟೆ ಸಾಮಾನ್ಯ. ಆದರೆ ಗಡಿಯಾರಕ್ಕಿಂತ ರಸವನ್ನು ನಂಬಿ. ಪಿಎಚ್ 4.2ರ ಹತ್ತಿರ ಬಂದಾಗ ಸಿದ್ಧರಾಗಿ, 4ರ ಕೆಳಗೆ ಮೊದಲ ವರ್ಷ ಬಿಡಲೇಬೇಡಿ. ಮಾಗಿದ ಹಣ್ಣಿನ, ವೈನಿನ ವಾಸನೆ ಇರುವವರೆಗೆ ಸರಿ. ಮೂಗಿಗೆ ವಿನೆಗರ್ ಚುಚ್ಚಿದರೆ ತಡವಾಗಿದೆ, ಕೊಳೆತ ಈರುಳ್ಳಿಯ ವಾಸನೆ ಬಂದರೆ ಆ ಡ್ರಮ್ಮು ಗೊಬ್ಬರದ ಗುಂಡಿಗೆ. ಸಿಪ್ಪೆ ತೆಗೆದ ಬೇಳೆಗೆ ಹಳೆಯ ಕೈಪರೀಕ್ಷೆಯೂ ಇದೆ: ತೊಳೆದು ಹಿಡಿಯಲ್ಲಿ ತಿಕ್ಕಿದಾಗ ಜಾರದೆ, ಬೆಣಚುಕಲ್ಲಿನಂತೆ ಗರಗರ ಎಂದರೆ ಲೋಳೆ ಬಿಟ್ಟಿದೆ.

ತೆರೆಯುವಾಗ ಕ್ಲಾಂಪನ್ನು ನಿಧಾನ ಸಡಿಲಿಸಿ, ಮುಖ ದೂರವಿಟ್ಟು, ಹತ್ತು ನಿಮಿಷ ಹಾಗೇ ಬಿಡಿ. ತಲೆಯನ್ನು ಡ್ರಮ್ಮಿನೊಳಗೆ ತೂರಿಸಿ ಮೂಸುವ ಅಭ್ಯಾಸ ಬೇಡ. ಒಳಗಿರುವುದು ಆಮ್ಲಜನಕವಿಲ್ಲದ ಗಾಳಿ. ಮಕ್ಕಳು ಸುತ್ತ ಇದ್ದರೆ ದೂರ ಕಳಿಸಿ.

ಮೊದಲ ಎರಡು ದಿನ ಮೂರೂವರೆ ಸೆಂ.ಮೀ.ಗಿಂತಲೂ ತೆಳ್ಳಗೆ ಹರಡಲು ಸಾಧ್ಯವಾದರೆ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ನಡುಹಗಲಿಗೆ ಶೇಡ್ ನೆಟ್ ಎಳೆಯಿರಿ. ಬಿರುಬಿಸಿಲಿಗೆ ಬೇಳೆಯ ಮೇಲಿನ ಗಟ್ಟಿ ಹೊಟ್ಟು, ಅಂದರೆ ಪಾರ್ಚ್‌ಮೆಂಟ್ ಒಡೆಯುತ್ತದೆ, ಹಣ್ಣಿನ ಹೊರಮೈ ಗಟ್ಟಿಯಾಗಿ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ತೇವಾಂಶ ಶೇ. 10ರಿಂದ 11ಕ್ಕೆ ಬರಬೇಕು. ತೇವಮಾಪಕ ಕೊಳ್ಳುವುದು ಈ ಬಜೆಟ್ಟಿಗೆ ಹೊರೆ. ನೀವು ಕಾಫಿ ಮಾರುವ ಕಡೆಯೇ ಒಂದು ಹಿಡಿ ಕೊಂಡೊಯ್ದು ಅಳೆಸಿ.

ಹೊರಬಿಡುವ ನೀರು

ಡ್ರಮ್ಮಿನ ರಸ, ತೊಳೆದ ನೀರು, ಪಲ್ಪರ್ ನೀರು ಯಾವುದನ್ನೂ ಹಳ್ಳಕ್ಕೆ ಬಿಡಬೇಡಿ. ಸಕ್ಕರೆ ತುಂಬಿದ ಆ ಹುಳಿನೀರು ಹಳ್ಳದ ನೀರಿನ ಆಮ್ಲಜನಕವನ್ನು ಕಬಳಿಸಿ ಮೀನು ಸಾಯಿಸುತ್ತದೆ, ಮತ್ತು ನಮ್ಮ ಹಳ್ಳಗಳೆಲ್ಲ ಸೇರುವುದು ಹೇಮಾವತಿಗೋ ಭದ್ರೆಗೋ ಯಗಚಿಗೋ. ಬಾವಿಯಿಂದ ದೂರ ಒಂದು ಗುಂಡಿ ತೋಡಿ, ನೀರಿಗೆ ಸುಣ್ಣ ಕಲಸಿ ಪಿಎಚ್ 7ಕ್ಕೆ ತಂದು, ಕೆಲವು ದಿನ ನಿಲ್ಲಿಸಿ. ಇಷ್ಟು ಸಣ್ಣ ಪ್ರಮಾಣಕ್ಕೆ ಅದು ಸಾಕು. ಸಿಪ್ಪೆಯನ್ನು ಸಗಣಿ, ಸುಣ್ಣದೊಡನೆ ಪದರಪದರವಾಗಿ ಹಾಕಿದರೆ ಮುಂದಿನ ವರ್ಷಕ್ಕೆ ಗೊಬ್ಬರ.

ಮಾರುವ ಮೊದಲು

ಒಣಗಿದ ಕಾಫಿಯನ್ನು ಒಳಪದರವಿರುವ ಚೀಲದಲ್ಲಿ, ನೆಲಕ್ಕೆ ತಾಗದಂತೆ, ಮೆಣಸು ಏಲಕ್ಕಿ ಇಡದ ಕೋಣೆಯಲ್ಲಿ ಒಂದೆರಡು ತಿಂಗಳು ಇರಿಸಿ. ಅದೇ ದಿನ ಕೊಯ್ದ ಹಣ್ಣಿನಲ್ಲಿ ಐದಾರು ಕೆ.ಜಿ.ಯನ್ನು ಹುದುಗಿಸದೆ ಎಂದಿನಂತೆ ಒಣಗಿಸಿ ಬೇರೆಯಾಗಿಟ್ಟಿದ್ದರೆ, ಎರಡನ್ನೂ ಒಟ್ಟಿಗೆ ರುಚಿ ಪರೀಕ್ಷೆಗೆ, ಅಂದರೆ ಕಪ್ಪಿಂಗ್‌ಗೆ ಕೊಡಬಹುದು. ಕಾಫಿ ಮಂಡಳಿಯ ಗುಣಮಟ್ಟ ಪ್ರಯೋಗಾಲಯಕ್ಕೂ ಬೀನ್ಸ್ ಹುರಿಯುವ ಸಣ್ಣ ರೋಸ್ಟರ್‌ಗಳಿಗೂ ಮಾದರಿ ಕಳಿಸಿ. ಸಂದೇಹವಿದ್ದರೆ 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ, ನಿಮ್ಮ ನೋಟ್‌ಬುಕ್ ಹಿಡಿದುಕೊಂಡೇ ಹೋಗಿ.

ಊರಿನ ವ್ಯಾಪಾರಿ ಈ ಕಾಫಿಗೆ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. ಅವನ ಲೆಕ್ಕ ಎಷ್ಟು ಒಣ ಕಾಫಿಗೆ ಎಷ್ಟು ಬೇಳೆ ಎಂಬ ಔಟ್‌ಟರ್ನ್ ಮತ್ತು ತೇವಾಂಶ. ಬಲವಾದ ಹಣ್ಣಿನ ವಾಸನೆ ಕಂಡರೆ ಕೆಟ್ಟ ಮಾಲೆಂದು ಬೆಲೆ ಇಳಿಸಿದರೂ ಆಶ್ಚರ್ಯವಿಲ್ಲ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಆದರೆ ಆ ಮಾನ್ಯತೆ ತಾನಾಗಿ ಗಿರಾಕಿಯನ್ನು ಕರೆತರುವುದಿಲ್ಲ. ಮೊದಲ ವರ್ಷ ಒಂದೇ ಸುತ್ತು ಮಾಡಿ, ಮಾದರಿಗೆ ಉತ್ತರ ಬಂದ ಮೇಲೆ ಎರಡನೇ ಮೇಜಿಗೆ ಕೈಹಾಕಿ.

ಕೊಯ್ಲು ಮುಗಿದ ಮೇಲೆ ಡ್ರಮ್ಮುಗಳನ್ನು ತೊಳೆದು, ನಲ್ಲಿ ಬಿಚ್ಚಿ, ವಾಷರುಗಳನ್ನು ಬಿಸಿನೀರಿನಲ್ಲಿ ಉಜ್ಜಿ, ಮುಚ್ಚಳ ತೆರೆದು ಬಿಸಿಲಿಗೆ ಒಣಗಿಸಿಡಿ. ಸ್ಟ್ಯಾಂಡಿನಲ್ಲಿ ಬಣ್ಣ ಎದ್ದ ಕಡೆ ಉಜ್ಜಿ ಮತ್ತೆ ಬಳಿಯಿರಿ. ಮತ್ತು ಮೂರೂ ಡ್ರಮ್ಮಿನ ಹೊಟ್ಟೆಯ ಮೇಲೆ ‘ಹಣ್ಣಿಗೆ ಮಾತ್ರ’ ಎಂದು ದೊಡ್ಡದಾಗಿ ಬರೆಸಿ. ಜೂನ್ ಬಂತೆಂದರೆ ತೋಟಕ್ಕೆ ಸಿಂಪಡಿಸುವ ಮೈಲುತುತ್ತದ ಬೋರ್ಡೋ ಮಿಶ್ರಣ ಕಲಸಲು ಎಲ್ಲರೂ ಹುಡುಕುವುದು ಖಾಲಿ ನೀಲಿ ಡ್ರಮ್ಮನ್ನೇ. ಒಮ್ಮೆ ಮೈಲುತುತ್ತ ಬಿದ್ದ ಡ್ರಮ್ಮು ಮತ್ತೆ ಈ ಸ್ಟ್ಯಾಂಡ್ ಹತ್ತಬಾರದು.